ಓಬಳಬೋವಿ ಎಣ್ಣೆಬಾವಿಯ ಬೆಂಕಿ ಆರಿಸಿದ್ದು

ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರಿಗೂ ಮೀಸೆ ಮೂಡದ ಕಾಲದಲ್ಲಿ, ಬಂಡೆಹಟ್ಟಿಯೆಂಬ ಒಂದೂರಿನಲ್ಲಿ ಓಬಳಬೋವಿ ಎಂಬ ಕಲ್ಲುಕುಟಿಗನಿದ್ದನಂತೆ. ಅವನು ಮದ್ದು ತುಂಬಿ ಸಿಡಿಸಿದರೆ ಬಂಡೆ ಕತ್ತರಿಸಿದ ರೊಟ್ಟಿಯಂತೆ ಬೀಳುತ್ತಿತ್ತಂತೆ.

ಒಂದು ವರ್ಷ ಊರಿನ ನಲವತ್ತು ಮನೆಯವರು ಕೂಲಿಗೆಂದು ಹಡಗು ಹತ್ತಿ, ರಂಗೂನಿನಾಚೆ ಒಬ್ಬ ಬಿಳಿ ಸಾಹೇಬನ ಎಣ್ಣೆಬಾವಿಗಳಿಗೆ ಹೋದರು. ಓಬಳನೂ ಹೋದ, ಹೆಂಡತಿ ಗಿರಿಯಮ್ಮನೂ ಹೋದಳು. ಅಲ್ಲಿ ನೆಲ ಕೊರೆದರೆ ನೀರಲ್ಲ, ಎಣ್ಣೆ ಚಿಮ್ಮುತ್ತಿತ್ತಂತೆ. ಒಂದು ದಿನ ಅಂಥ ಬಾವಿಗೆ ಕಿಡಿ ತಗುಲಿತು. ತೆಂಗಿನ ಮರದ ಮೇಲೆ ತೆಂಗಿನ ಮರ ನಿಲ್ಲಿಸಿದಷ್ಟೆತ್ತರ ಬೆಂಕಿ! ನೀರು ಹೊಯ್ದರು, ಮಣ್ಣು ಸುರಿದರು. ಏಳು ದಿನ ಉರಿಯಿತಂತೆ. ಎಂಟನೆಯ ದಿನ ಉರಿಯುವ ಎಣ್ಣೆ ಇಳಿಜಾರು ಹಿಡಿದು ಬಂಡೆಹಟ್ಟಿಯವರ ಗುಡಿಸಲುಗಳತ್ತ ಹರಿಯತೊಡಗಿತು.

ಆಗ ಓಬಳನಿಗೆ ಹೊಳೆಯಿತು: ಮದ್ದು ಸಿಡಿದ ರಭಸಕ್ಕೆ ಪಕ್ಕದ ದೀಪ ಆರುತ್ತದೆ, ಇದೂ ಒಂದು ದೀಪವೇ. ಆದರೆ ಬೆಂಕಿ ಆರಿದರೂ ಎಣ್ಣೆ ಚಿಮ್ಮುವುದು ನಿಲ್ಲುವುದಿಲ್ಲ. ಬಾವಿಯ ಬಾಯಿ ಮುಚ್ಚುವವರೆಗೆ ಸುತ್ತ ಒಂದು ಹರದಾರಿ ಎಲ್ಲೂ ಕಿಡಿ ಇರಕೂಡದು ಎಂದ.

"ಸಾಹೇಬರ ಅಡುಗೆಮನೇಲೂ?" ಎಂದು ಕೂಲಿಗಳ ಮೇಸ್ತ್ರಿ ನಕ್ಕ.

"ತಾನು ಸಾಹೇಬರ ಬೆಂಕಿ ಅಂತ ಆ ಬೆಂಕಿಗೆ ಗೊತ್ತಿರ್ತದೇನ್ ಮೇಸ್ತ್ರಿ?" ಎಂದ ಓಬಳ.

ಗಿರಿಯಮ್ಮ ಕೊಡ ಹಿಡಿದು ಹೊರಟಳು. ಒಲೆ ಒಲೆಗೂ ನೀರು ಹೊಯ್ದು, ಬೂದಿಯೊಳಗೆ ಕೈಯಿಟ್ಟು ನೋಡಿದಳು. ಸಾಹೇಬರ ಬಂಗಲೆಯನ್ನೂ ಬಿಡಲಿಲ್ಲವಂತೆ.

ಓಬಳ ಹಸಿ ಗೋಣಿ ಹೊದ್ದು, ಮದ್ದಿನ ಪೆಟ್ಟಿಗೆಯನ್ನು ನೆನೆದ ಚರ್ಮದಲ್ಲಿ ಸುತ್ತಿ, ತೆವಳುತ್ತ ಬೆಂಕಿಯ ಬುಡಕ್ಕೆ ಹೋದ. ಪೆಟ್ಟಿಗೆ ಇಟ್ಟು, ಬತ್ತಿ ಹಚ್ಚಿ, ತೆವಳುತ್ತಲೇ ಹಿಂದಿರುಗಿದ. ಮದ್ದು ಸಿಡಿಯಿತು. ಬೆಂಕಿ ಇಳಿಜಾರಿನ ಉರಿಯನ್ನೂ ಎಳೆದುಕೊಂಡು ನೆಲ ಬಿಟ್ಟು ಮೇಲೆದ್ದು, ಒಂದು ಗಳಿಗೆ ಆಕಾಶದಲ್ಲಿ ನಿಂತು, ಇಲ್ಲವಾಯಿತಂತೆ! ಕಪ್ಪು ಎಣ್ಣೆ ಮಳೆಯಾಗಿ ಸುರಿಯಿತು. ಜನ ಕುಣಿದರು. ಸಾಹೇಬನೂ ಹಿಗ್ಗಿ ಹೋಗಿ ಚುಟ್ಟಾ ಬಾಯಿಗಿಟ್ಟ, ಬೆಂಕಿಕಡ್ಡಿ ತೆಗೆದ.

ಹುಬ್ಬು ಸುಟ್ಟ ಓಬಳ ಓಡಿಬಂದು ಹೊಡೆದ. ಕೈಗೆ ಹೊಡೆದ ಎನ್ನುವವರುಂಟು, ಕೆನ್ನೆಗೆ ಎನ್ನುವವರುಂಟು; ನಮ್ಮೂರಲ್ಲಿ ಕೆನ್ನೆಗೆ ಎಂದೇ ಹೇಳುತ್ತಾರೆ. ಸಾಹೇಬ ಎಣ್ಣೆ ತೊಟ್ಟಿಕ್ಕುವ ತನ್ನ ಅಂಗಿ ನೋಡಿದ, ಕೆಳಗಿನ ನಲವತ್ತು ಗುಡಿಸಲು ನೋಡಿದ, ಕಡ್ಡಿಪೆಟ್ಟಿಗೆಯನ್ನು ಓಬಳನ ಕೈಗೆ ಕೊಟ್ಟ. ಹೊತ್ತು ಇಳಿಯುವುದರೊಳಗೆ ಬಾವಿಯ ಬಾಯಿ ಮುಚ್ಚಿದರು. ಒಂದು ಗುಡಿಸಲೂ ಸುಡಲಿಲ್ಲ.

ಆಮೇಲೆ ನಲವತ್ತು ಮನೆಯವರೂ ಊರಿಗೆ ಮರಳಿದರು. ಅದರ ನೆನಪಿಗೆ ಇಂದಿಗೂ ವರ್ಷಕ್ಕೊಂದು ದಿನ ಬಂಡೆಹಟ್ಟಿಯಲ್ಲಿ ಹೊತ್ತು ಇಳಿಯುವವರೆಗೆ ಯಾರೂ ಒಲೆ ಹಚ್ಚುವುದಿಲ್ಲ, ಯಾರೂ ಬೀಡಿ ಸೇದುವುದಿಲ್ಲ. ಹಿರಿಯ ಹೆಂಗಸೊಬ್ಬಳು ಮನೆ ಮನೆಗೂ ಹೋಗಿ ಬೂದಿ ಮುಟ್ಟಿ ನೋಡುತ್ತಾಳೆ. ಅಂದು ಊರಿಗೆ ಎಂಥ ದೊಡ್ಡ ಅಧಿಕಾರಿ ಬಂದರೂ ಮಜ್ಜಿಗೆಯೇ. ಚಹಾ ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲವಂತೆ.