ಶೌರಮ್ಮ ಬೆರೆಸಿದ ಬೆಲ್ಲ

ಪೂಜ್ಯ ಮಾತೆ ಆಗ್ನೇಸಮ್ಮನವರು ತಮ್ಮ ಸನ್ಯಾಸ ಜೀವನದ ಬಹುಪಾಲನ್ನು ಅಡುಗೆಮನೆಯ ಹಿಂದಿದ್ದ ಒಂದು ಹೆಂಚಿನ ಕೋಣೆಯಲ್ಲೇ ಕಳೆದರು. ಕಾವೇರಿ ನಾಲೆಯ ಪಕ್ಕದ ಸಂತಪಾಳ್ಯದ ಕನ್ಯಾಮಠದಲ್ಲಿ ಅವರಿಗೆ ವಹಿಸಿದ್ದ ಸೇವೆ ಒಂದೇ: ಸುತ್ತಲ ಏಳು ಕ್ರೈಸ್ತ ದೇವಾಲಯಗಳ ಬಲಿಪೂಜೆಯಲ್ಲಿ ಸ್ವಾಮಿಯ ಶರೀರವೆಂದು ಭಕ್ತರು ಸ್ವೀಕರಿಸುವ ರೊಟ್ಟಿ ಸುಡುವುದು. ಶಿಲುಬೆ ಕೆತ್ತಿದ, ಉದ್ದ ಹಿಡಿಯ ಎರಡು ಕಬ್ಬಿಣದ ಅಚ್ಚು, ಒಂದು ಇದ್ದಿಲ ಒಲೆ, ಗೋಧಿ ಹಿಟ್ಟು, ನೀರು. ಅವರ ಆಸ್ತಿ ಇಷ್ಟೇ. ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಒಂದು ‘ನಮೋ ಮರಿಯಾ’ ಜಪ ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿಯ ಒಂದು ಮಗ್ಗುಲು ಬೇಯುತ್ತಿತ್ತು. ಅಚ್ಚು ಮಗುಚಿ ಇನ್ನೊಂದು ಹೇಳಿದರೆ ಇನ್ನೊಂದು ಮಗ್ಗುಲು. ದಿನಕ್ಕೆ ನೂರಾರು ಬಾರಿ ಹೀಗೆ. ಬೇಸರವಾಗುವುದಿಲ್ಲವೇ ಎಂದು ಕೇಳಿದವರ ಕೈಗೆ ಮಾತೆಯವರು ನಗುತ್ತಾ ಒಂದು ಅಚ್ಚು ಕೊಟ್ಟುಬಿಡುತ್ತಿದ್ದರು. ಹಾಗಾಗಿ ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ!

ಒಂದು ವರ್ಷ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ಪವಿತ್ರ ವಾರದ ಸೋಮವಾರ ಶೌರಮ್ಮ ಎಂಬಾಕೆ ಆ ಬಾಗಿಲಿಗೆ ಬಂದಳು. ಆ ಸೀಮೆಯ ಮದುವೆ ಮನೆಗಳಲ್ಲಿ ಒಬ್ಬಟ್ಟಿಗೆ ಹೆಸರಾದ ಕೈ ಅವಳದು. ಒಬ್ಬಳೇ ಮಗಳು ಲೂರ್ದಮ್ಮ ಜ್ವರದಲ್ಲಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು.

“ತಾಯಿ, ಜಪಸರ ಹಿಡಿದ್ರೆ ಮಣಿ ಉರುಳ್ತವೆ, ಎದೆ ಅಲುಗಾಡಲ್ಲ. ಬತ್ತೋಗೈತೆ. ಈ ಪಾಸ್ಕ ಹಬ್ಬ ಒಂದು ಕಳೀಲಿ, ಆಮೇಲೆ ನಾನು ಚರ್ಚಿನ ಮೆಟ್ಲು ಹತ್ತಲ್ಲ. ದೇವರ ಮುಂದೆ ನಾಟ್ಕ ಯಾಕೆ?”

ಮಾತೆಯವರು ತಮ್ಮ ಪಕ್ಕದಲ್ಲಿ ಒಂದು ಮಣೆ ಹಾಕಿದರು. “ಕೈ ತೊಳ್ಕೊಂಡು ಬಾರವ್ವ. ಈ ವಾರ ಕೆಲ್ಸ ಜಾಸ್ತಿ ಐತೆ,” ಎಂದರು. ಉಪದೇಶ ಸಿಕ್ಕೀತೆಂದು ಬಂದವಳಿಗೆ ಇದ್ದಿಲ ಹೊಗೆ ಸಿಕ್ಕಿತು. ಆದರೂ ಅವಳು ಹೋಗಲಿಲ್ಲ. ಎರಡು ದಿನ ಮಾತೆಯವರ ಪಕ್ಕ ಕೂತು ಅಚ್ಚು ಹಿಡಿದಳು, ತುಟಿಯಲ್ಲಿ ಜಪ ಮಾಡಿದಳು. ಎದೆ ಹಾಗೇ ಇತ್ತು.

ಬುಧವಾರ ಬೆಳಿಗ್ಗೆ ಕಾಯಿಲೆ ಬಿದ್ದ ಮಠದ ಭಗಿನಿಯೊಬ್ಬರ ಆರೈಕೆಗೆ ಮಾತೆಯವರು ಹೋಗಬೇಕಾಯಿತು. ಶೌರಮ್ಮ ಒಬ್ಬಳೇ ಉಳಿದಳು. ಎಷ್ಟಾದರೂ ಒಬ್ಬಟ್ಟಿನ ಕೈ. ಸಪ್ಪೆ ಹಿಟ್ಟು ಕಂಡು ಸುಮ್ಮನಿದ್ದೀತೇ? ತನ್ನ ಪ್ರಾರ್ಥನೆ ಸಪ್ಪೆಯಾಗಿದೆ, ಕಾಣಿಕೆಯಾದರೂ ರುಚಿಯಾಗಿರಲಿ, ಆಗಲಾದರೂ ದೇವರು ತನ್ನತ್ತ ತಿರುಗಿಯಾನು ಎಂದುಕೊಂಡಳು. ಬೆಲ್ಲ ಕರಗಿಸಿ ಹಿಟ್ಟಿಗೆ ಬೆರೆಸಿದಳು, ಮೇಲೆ ಎರಡು ಚಮಚ ತುಪ್ಪ. ಮಧ್ಯಾಹ್ನದವರೆಗೆ ಬೆವರು ಸುರಿಸಿ ಸುಟ್ಟಳು. ಘಮ ಹೆಣ್ಣುಮಕ್ಕಳ ವಸತಿನಿಲಯದವರೆಗೂ ಹೋಯಿತು.

ಮಾತೆಯವರು ಬಂದು ಹೊಸ್ತಿಲಲ್ಲೇ ನಿಂತರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

“ಒಳ್ಳೆ ಕೈ ಕಣವ್ವ ನಿಂದು. ಆದ್ರೆ ಇದು ಪೂಜೆಗೆ ಬರಲ್ಲ.”

ಬಲಿಪೂಜೆಯ ರೊಟ್ಟಿಗೆ ಗೋಧಿ ಮತ್ತು ನೀರು ಬಿಟ್ಟು ಬೇರೇನೂ ಸೇರಬಾರದು. ಅದು ಧರ್ಮಸಭೆಯ ಕಟ್ಟುನಿಟ್ಟು. ಮರುದಿನ ಸಂಜೆ ಪವಿತ್ರ ಗುರುವಾರದ ಪೂಜೆ. ಏಳು ಊರಿನ ಜನ ಕಾದಿರುತ್ತಾರೆ, ಮೊದಲೆರಡು ದಿನ ಸುಟ್ಟದ್ದು ಅವರಿಗೆ ಸಾಲದು. ಡಬ್ಬಿಯಲ್ಲಿ ಉಳಿದದ್ದು ಇನ್ನೊಂದೇ ಸಲಕ್ಕಾಗುವಷ್ಟು ಹಿಟ್ಟು. ಸಂಗತಿ ತಿಳಿದ ಶೌರಮ್ಮ ನೆಲದ ಮೇಲೆ ಕೂತುಬಿಟ್ಟಳು.

“ಹಬ್ಬಾನೇ ಹಾಳ್ ಮಾಡ್ದೆ ತಾಯಿ. ಆಗ್ಲೇ ಅಂದೆ, ನಾನು ಇದಕ್ಕೆ ಲಾಯಕ್ಕಿಲ್ಲ. ಹೊರಟೋಯ್ತೀನಿ.”

ಮಾತೆಯವರು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು.

“ಶೌರಮ್ಮ, ಹಿಟ್ಟು ನೀರು ತರೋದು ನಮ್ಮ ಕೆಲ್ಸ. ಅದರೊಳಗೆ ಬರೋದು ಆತನ ಕೆಲ್ಸ. ಆತನ ಕೆಲ್ಸಾನ ನೀನ್ಯಾಕೆ ಮಾಡಕ್ಕೋಯ್ತೀಯ? ನಿಂತಾವ ಇರೋದು ಸಪ್ಪೆ ಜಪವಾ? ಅದನ್ನೇ ಕೊಡು. ಏಳು, ಹಿಟ್ಟು ಕಲಸು.”

ಇಷ್ಟೇ ಮಾತು. ಬೆಲ್ಲದ ರೊಟ್ಟಿಗಳು ವಸತಿನಿಲಯಕ್ಕೆ ಹೋದವು. ಉಪವಾಸದ ತಪಸ್ಸುಕಾಲದ ಕಡೆಯ ವಾರದಲ್ಲಿ ಮಕ್ಕಳು ಸಿಹಿ ತಿಂದ ಪಾಪ ಯಾರ ತಲೆಗೆ ಬಂತೋ ನಾನರಿಯೆ. ಇಬ್ಬರೂ ಅಚ್ಚುಗಳನ್ನು ತಿಕ್ಕಿ ತಿಕ್ಕಿ ತೊಳೆದು, ತುಪ್ಪದ ಜಿಡ್ಡು ಹೋದ ಮೇಲೆ ಮತ್ತೆ ಒಲೆಯ ಮುಂದೆ ಕೂತರು. ಮಾತೆಯವರ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಒದ್ದೆ ಬಟ್ಟೆ ಸುತ್ತಿಕೊಂಡು ಅಚ್ಚು ಹಿಡಿದರೇ ಹೊರತು ಏಳಲಿಲ್ಲ. ಅದನ್ನು ಕಂಡ ಶೌರಮ್ಮನೂ ಹಟ ತೊಟ್ಟಳು. ಒಂದು ಜಪ, ಮಗುಚು. ಒಂದು ಜಪ, ತೆಗೆ. ಎದೆ ಅಲುಗಿತೇ ಎಂದು ಒಳಗೆ ಇಣುಕಿ ನೋಡಲು ಪುರಸೊತ್ತೇ ಇರಲಿಲ್ಲ. ಹೊತ್ತು ಮುಳುಗುವ ವೇಳೆಗೆ ಡಬ್ಬಿಯ ತಳ ಕಂಡಿತು. ಗುರುವಾರ ಬೆಳಿಗ್ಗೆ ರೊಟ್ಟಿಗಳನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಏಳೂ ದೇವಾಲಯಗಳಿಗೆ ಕಳಿಸಿದರು.

ಅಂದು ಸಂಜೆ ಶೌರಮ್ಮ ತನ್ನೂರಿನ ದೇವಾಲಯದಲ್ಲಿ ಸಾಲಿನ ಕೊನೆಗೆ ನಿಂತಳು. ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ಪರಮಪ್ರಸಾದ ಸ್ವೀಕರಿಸಿ ಹಿಂದಿರುಗುತ್ತಿದ್ದರು: ಕೂಲಿಯವರು, ಬಸುರಿಯರು, ಅವಳೊಡನೆ ಮಾತು ಬಿಟ್ಟಿದ್ದ ನಾದಿನಿ. ತಾನು ಬೆರಳು ಸುಟ್ಟುಕೊಂಡು ಮಾಡಿದ ಸಪ್ಪೆ ರೊಟ್ಟಿಯಲ್ಲಿ ಸ್ವಾಮಿಯೇ ಬಂದು ಎಲ್ಲರ ಬಾಯಿಗೆ ಊಟವಾಗುತ್ತಿದ್ದಾನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವಳ ಸರದಿ ಬಂದಾಗ ಬಾಯಿಗೆ ಬೆಲ್ಲವೂ ಹತ್ತಲಿಲ್ಲ, ತುಪ್ಪವೂ ಹತ್ತಲಿಲ್ಲ. ಆದರೆ ಒಂಬತ್ತು ತಿಂಗಳಿಂದ ಬಾರದಿದ್ದ ಸಂತೋಷ ಬಂದುಬಿಟ್ಟಿತು. ಪೂಜೆ ಮುಗಿದರೂ ಅವಳು ಮೊಣಕಾಲೂರಿಯೇ ಇದ್ದಳು.

ಶೌರಮ್ಮ ಚರ್ಚಿನ ಮೆಟ್ಟಿಲು ಬಿಡಲಿಲ್ಲ. ಮಾತೆಯವರು ದೈವಾಧೀನರಾದ ಮೇಲೆ ಆ ಅಚ್ಚನ್ನು ಇಪ್ಪತ್ತಾರು ವರ್ಷ ಹಿಡಿದವಳು ಅವಳೇ. ಅವಳ ಮುಪ್ಪಿನಲ್ಲಿ ನಾನೊಮ್ಮೆ ಕೇಳಿದೆ: “ಅಜ್ಜಿ, ಅವತ್ತು ಮಗಳ ನೋವು ಹೋಯ್ತಾ?”

“ಎಲ್ಲೋಯ್ತದೆ ಮಗ? ಇಲ್ಲೇ ಐತೆ,” ಎಂದು ಎದೆ ಮುಟ್ಟಿಕೊಂಡಳು. “ಅವತ್ತಿಂದ ಅದು ಒಂಟಿಯಾಗಿ ಕೂತಿಲ್ಲ, ಅಷ್ಟೆಯ.”