ದೋಣಿಯ ಹಿತ್ತಾಳೆ ಮೂತಿ

"ಗುರುಗಳೇ, ಇಷ್ಟು ಓದಿದರೂ, ಇಷ್ಟು ಜಪ ಮಾಡಿದರೂ ನನ್ನ ಒಳಗಿನ ಉರಿ ಯಾಕೆ ಆರುತ್ತಿಲ್ಲ?" ಎಂದು ಚನ್ನವೀರ ಕೇಳಿದ.

ಮಠದಲ್ಲಿ ಪ್ರತಿ ಭಾನುವಾರ ಪ್ರವಚನ ಹೇಳುವವನು ಅವನೇ. ನಾನೂರು ಜನ ಸೇರುತ್ತಿದ್ದರು. ಹಿಂದಿನ ವಾರ ಸಮಾಧಾನದ ಮೇಲೆ ಮಾತಾಡಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಲ್ಲಿಂದ ಬಂದು ಊಟಕ್ಕೆ ಕೂತವನು, ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಗೋಡೆಗೆ ಬೀಸಿದ್ದ. ಅಡುಗೆಯ ಕಲ್ಲವ್ವ ಗೋಡೆ ಒರೆಸಿದ್ದಳು. ಎಂಟು ವರ್ಷದವನಾಗಿ ಮಠಕ್ಕೆ ಬಂದ ಅವನಿಗೆ ತುತ್ತು ಕಲಸಿ ತಿನ್ನಿಸಿದವಳು ಅವಳೇ. ಈಗ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದಳು. ಸೋಮವಾರದ ಬಸ್ಸಿಗೆ ತಂಗಿಯ ಊರಿಗೆ ಹೊರಡುವವಳಿದ್ದಳು. ಅವಳು ಹೋದರೆ ತನ್ನನ್ನು ಮಗಾ ಎಂದು ಕರೆಯುವವರು ಇನ್ನು ಯಾರೂ ಇಲ್ಲವೆಂದು ಚನ್ನವೀರನಿಗೆ ಭಯವಾಗಿತ್ತು. ಆರು ದಿನದಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

"ಇನ್ನೊಂದು ಮಂತ್ರ ಕೊಡಿ. ಇದ್ದದ್ದು ಸಾಲದು" ಎಂದ.

"ಮೊದಲು ಕೂತುಕೋ ಮಾರಾಯ. ನಿನ್ನ ಓಡಾಟ ನೋಡಿ ನನಗೇ ತಲೆ ತಿರುಗುತ್ತಿದೆ" ಎಂದರು ಗುರುಗಳು. ಅವನು ಕೂತ. ಅವರು ಹೇಳತೊಡಗಿದರು.

ಒಂದೂರಿನಲ್ಲಿ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಒಬ್ಬ ಕೆಲಸಗಾರನಿದ್ದ. ಅವನ ಹೆಂಡತಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವಳು. ಇಬ್ಬರೂ ಕೈಕೆಲಸದಲ್ಲಿ ಗಟ್ಟಿಗರು. ಅವನಿಗೊಂದು ಹುಚ್ಚಿತ್ತು. ರಿಮೋಟ್ ಹಿಡಿದು ಓಡಿಸುವ ಬ್ಯಾಟರಿ ದೋಣಿಯ ಹುಚ್ಚು. ದೋಣಿ ಎಂದರೆ ಎಷ್ಟು? ಎರಡು ಮೊಳವೂ ಇಲ್ಲ. ಓಡಿದರೆ ಮಾತ್ರ ಕಣ್ಣಿಗೆ ಸಿಗದು. ಭಾನುವಾರ ಬಂತೆಂದರೆ ಅಂಥ ಹತ್ತಾರು ಹುಚ್ಚರು ಕೆರೆಯ ದಡದಲ್ಲಿ ಸೇರಿ ಪಂದ್ಯ ನಡೆಸುತ್ತಿದ್ದರು. ನೋಡಲು ಊರೂ ಸೇರುತ್ತಿತ್ತು.

ಅಷ್ಟು ಜೋರಾಗಿ ತಿರುಗುವ ಮೋಟಾರು ಬಿಸಿಯಾಗದೆ ಇದ್ದೀತೇ? ಅದಕ್ಕೆ ಕೆರೆಯ ನೀರೇ ಮದ್ದು. ದೋಣಿಯ ಹಿಂದೆ, ಚುಕ್ಕಾಣಿಯ ಬುಡದಲ್ಲಿ ಒಂದು ತೂತು. ದೋಣಿ ಓಡಿದ ರಭಸಕ್ಕೆ ನೀರು ಅದರೊಳಗೆ ನುಗ್ಗುತ್ತದೆ. ಸಣ್ಣ ಕೊಳವೆಯಲ್ಲಿ ಹೋಗಿ ಮೋಟಾರನ್ನು ಸುತ್ತುತ್ತದೆ. ಅದರ ಕಾವು ಹೊತ್ತುಕೊಂಡು ಪಕ್ಕದ ಇನ್ನೊಂದು ತೂತಿನಿಂದ ಹೊರಗೆ ಬೀಳುತ್ತದೆ. ದಡದಲ್ಲಿ ನಿಂತವನು ಆ ಹೊರಗೆ ಬೀಳುವ ನೀರನ್ನೇ ನೋಡುತ್ತಿರಬೇಕು. ಅದು ಕಂಡರೆ ಧೈರ್ಯ.

ಇವನ ದೋಣಿಯಿಂದಲೂ ನೀರು ಬೀಳುತ್ತಿತ್ತು. ಎಮ್ಮೆ ಉಚ್ಚೆ ಹೊಯ್ದಂತೆ, ದಪ್ಪಗೆ, ಬುಡದಲ್ಲೇ. ದೋಣಿ ಆಚೆ ದಡದ ಹತ್ತಿರ ಹೋದರೆ ಏನೂ ಕಾಣದು. ನೀರು ಬರುತ್ತಿದೆಯೋ, ನಿಂತಿದೆಯೋ ಎಂದು ಇವನಿಗೆ ದಿಗಿಲು. ಪಂದ್ಯದ ನಡುವೆಯೇ ಎರಡು ಸಲ ದೋಣಿ ವಾಪಸ್ಸು ತರಿಸಿ ಮುಟ್ಟಿ ನೋಡಿದ. ಎರಡು ಸಲವೂ ಮೋಟಾರು ತಣ್ಣಗಿತ್ತು. ಎರಡು ಸಲವೂ ಪಂದ್ಯ ಸೋತ.

ಕಡೆಗೆ ಲೇತಿಗೆ ಹಿತ್ತಾಳೆ ಕೊಟ್ಟು ಒಂದು ಪುಟ್ಟ ಮೂತಿ ಮಾಡಿದ. ಅದರ ತೂತು ಸೂಜಿ ಹೋಗುವಷ್ಟು. ಅದನ್ನು ನೀರು ಹೊರಗೆ ಬೀಳುವ ಕಡೆ ತಿರುಗಿಸಿ ಬಿಗಿ ಮಾಡಿದ. ಆ ಭಾನುವಾರ ದೋಣಿ ಹೊರಟಿತು ನೋಡು, ಪಕ್ಕದಿಂದ ನೀರು ಆಳೆತ್ತರ ಚಿಮ್ಮಿತು. ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ದಡದ ಜನ ಚಪ್ಪಾಳೆ ತಟ್ಟಿದರು. ಕಾರಂಜಿ ದೋಣಿ ಎಂದು ಹೆಸರಿಟ್ಟರು. ಇವನಿಗೆ ಹೋದ ಜೀವ ಬಂದಂತಾಯಿತು. ಎಷ್ಟು ದೂರ ಹೋದರೂ ನೀರು ಕಾಣುತ್ತದಲ್ಲ.

ಆದರೆ ದೋಣಿ ದಡಕ್ಕೆ ಬಂದಾಗ ಮೋಟಾರು ಸುಡುತ್ತಿತ್ತು. ಒಳಗೆ ಬರುವ ನೀರು ಸಾಲದು ಎಂದುಕೊಂಡ. ಚುಕ್ಕಾಣಿಯ ತೂತು ದೊಡ್ಡದು ಮಾಡಿದ. ನೀರು ಇನ್ನೂ ಎತ್ತರ ಚಿಮ್ಮಿತು. ಮೋಟಾರು ಸುಟ್ಟು ಹೋಯಿತು. ಹೆಂಡತಿ ಎರಡು ದಿನ ಕೂತು ಹೊಸ ತಂತಿ ಸುತ್ತಿದಳು. ಮೋಟಾರಿನ ಮೈಗೆ ತಾಮ್ರದ ಕೊಳವೆ ಇನ್ನೆರಡು ಸುತ್ತು ಹೆಚ್ಚು ಹಾಕಿದ. ಮತ್ತೆ ಸುಟ್ಟಿತು. ಮತ್ತೆ ಸುತ್ತಿದಳು. ಅದೂ ಸುಟ್ಟಿತು. ಇವನಿಗೆ ರಾತ್ರಿ ನಿದ್ದೆಯೇ ಬಾರದಾಯಿತು. ಅನ್ನದ ಮುಂದೆ ಕೂತು ಕೊಳವೆಯ ಲೆಕ್ಕ ಹಾಕುತ್ತಿದ್ದ. ಬೇರೆಯವರ ದೋಣಿಗಳ ದಪ್ಪ ನೀರು ನೋಡಿ ನಗುವುದನ್ನು ಮಾತ್ರ ಬಿಡಲಿಲ್ಲ.

ಮೂರನೆಯ ಸಲ ತಂತಿ ಸುತ್ತಿ ಮುಗಿಸಿದ ಹೆಂಡತಿ ಮೋಟಾರನ್ನು ಅವನ ಕೈಗೆ ಕೊಟ್ಟು ಹೇಳಿದಳು: "ಇದೇ ಕಡೆಯದು. ನನ್ನ ಬೆರಳ ತುದಿಯಲ್ಲಿ ಚರ್ಮ ಉಳಿದಿಲ್ಲ. ಆ ಹಿತ್ತಾಳೆ ತೆಗೆದು ಒಂದು ಸಲ ಓಡಿಸಿ ನೋಡಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ, ಬಕೆಟ್ಟು ತುಂಬುವುದು ಮಾತ್ರ ತಡ. ಹರಿಯುವ ನೀರೇ ಕಡಿಮೆಯಾದರೆ ಒಳಗಿನ ಕಾವು ಹೊರಗೆ ಹೋಗುವುದಾದರೂ ಹೇಗೆ?"

ಅವಳು ಹೇಳಿದ್ದು ಅವನಿಗೆ ಅರ್ಥವಾಯಿತು. ದಡ್ಡನಲ್ಲ ಅವನು. ಮೂತಿಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿಯೂ ಬಿಟ್ಟ. ಅಲ್ಲಿಗೇ ಕೈ ನಿಂತಿತು.

"ನೀರು ಚಿಮ್ಮದಿದ್ದರೆ ನೋಡುವವರು ಏನೆಂದುಕೊಂಡಾರು?" ಎಂದ.

ಮೂತಿಯನ್ನು ಅವನು ಮತ್ತೆ ಬಿಗಿ ಮಾಡಿದ.

ಭಾನುವಾರ ಪಂದ್ಯ. ದೋಣಿ ಎಲ್ಲರಿಗಿಂತ ಮುಂದಿತ್ತು. ಅವನ ಕಣ್ಣು ಚಿಮ್ಮುವ ನೀರಿನ ಮೇಲೆಯೇ. ನೀರು ಒಂದು ಕ್ಷಣವೂ ತಪ್ಪಲಿಲ್ಲ. ಜನ ಕೂಗುತ್ತಿದ್ದರು. ಮೂರನೆಯ ಸುತ್ತಿನಲ್ಲಿ ದೋಣಿಯ ಮುಚ್ಚಳದ ಸಂದಿಯಿಂದ ಹೊಗೆ ಬಂತು. ಆಗಲೂ ನೀರು ಚಿಮ್ಮುತ್ತಲೇ ಇತ್ತು. ಹೊಗೆಯೂ ಆಟದ್ದೇ ಒಂದು ಭಾಗವೆಂದುಕೊಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ದೋಣಿ ನಡುಕೆರೆಯಲ್ಲಿ ನಿಂತಿತು. ಗಾಳಿಗೆ ತೇಲಿ ದಡದ ಹತ್ತಿರ ಬಂದಾಗ, ಸೀರೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗಿಳಿದು ತಂದವಳು ಹೆಂಡತಿ. ಮುಚ್ಚಳ ತೆಗೆದರೆ ತಂತಿಗೆ ಬಳಿದ ವಾರ್ನಿಷು ಸುಟ್ಟ ವಾಸನೆ. ಅವಳು ಸುತ್ತಿದ ತಂತಿ ಕರ್ರಗಾಗಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ. ದೋಣಿಯನ್ನು ಅವನ ಕೈಗಿಟ್ಟು ಮನೆಯ ದಾರಿ ಹಿಡಿದಳು. ಅಂಗೈ ಸುಡುತ್ತಿದ್ದರೂ ಅವನು ಹಿಡಿದುಕೊಂಡೇ ನಿಂತಿದ್ದ. ಮಾರನೆಯ ದಿನ ಅವಳ ತಂತಿ ಸುತ್ತುವ ಮೇಜು ಖಾಲಿ ಇತ್ತು, ಅವಳೂ ಮನೆಯಲ್ಲಿರಲಿಲ್ಲ.

ಗುರುಗಳು ನಿಲ್ಲಿಸಿದರು.

ಚನ್ನವೀರನಿಗೆ ತಡೆಯಲಾಗಲಿಲ್ಲ. "ಎಂಥ ತಿಳಿಗೇಡಿ! ಮದ್ದು ಕೈಯಲ್ಲೇ ಇತ್ತು. ಅರ್ಧ ಸುತ್ತು ತಿರುಗಿಸಿಯೂ ಇದ್ದ. ಇನ್ನರ್ಧ ತಿರುಗಿಸಲು ಅವನಿಗೇನು ಬಂದಿತ್ತು ರೋಗ?" ಎಂದ.

"ಅದೇ ನನಗೂ ತಿಳಿಯದು" ಎಂದರು ಗುರುಗಳು. "ಇರಲಿ ಬಿಡು. ನಿನಗೆ ಹೊಸ ಮಂತ್ರ ಬೇಡ. ನಾಳೆ ಪ್ರವಚನವೂ ಬೇಡ. ಬೆಳಿಗ್ಗೆ ಅಡುಗೆಮನೆಗೆ ಹೋಗಿ ಕಲ್ಲವ್ವನ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿ. ತಟ್ಟೆ ಎಸೆದದ್ದು ತಪ್ಪಾಯಿತು ಎನ್ನು. ಅವಳು ಬೈದರೆ ಬೈಸಿಕೋ. ಅತ್ತರೆ ನೀನೂ ಅಳು. ಅಷ್ಟೇ ಕೆಲಸ."

ಚನ್ನವೀರನ ಕಣ್ಣು ತುಂಬಿತು. ಆಗಲಿ ಎನ್ನುವಂತೆ ತಲೆಯಾಡಿಸಿದ. ಎದ್ದು ಬಾಗಿಲವರೆಗೆ ಹೋದ. ಹೊಸ್ತಿಲ ಮೇಲೆ ನಿಂತು ತಿರುಗಿದ.

"ಆದರೆ ಗುರುಗಳೇ, ನಾನೂರು ಜನ ಬಂದಿರುತ್ತಾರೆ. ನಾನು ಕಾಣದಿದ್ದರೆ ಅವರೆಲ್ಲ ಏನೆಂದುಕೊಂಡಾರು?"

"ಅವನೂ ಹೆಂಡತಿಯನ್ನು ಇದೇ ಮಾತು ಕೇಳಿದ್ದನಪ್ಪ" ಎಂದರು ಗುರುಗಳು.