ಅಜ್ಜಾರು ಬಂದಾಗ ಎದ್ದು ನಿಲ್ಲಬೇಕು

ಹೊಳೆ ದಂಡೆಯಲ್ಲಿ ಒಂದು ಮಠ. ಅಲ್ಲಿಯ ವಯಸ್ಸಾದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ನೀಲವ್ವ ಅವರ ಶಿಷ್ಯೆ. ಮೂವತ್ತು ವರ್ಷದಿಂದ ದಾಸೋಹಕ್ಕೆ ರೊಟ್ಟಿ ತಟ್ಟುವವಳು ಅವಳೇ.

ಅವಳ ಸೊಂಟದ ಕೀಲು ಸವೆದು, ಆಪರೇಷನ್ ಮಾಡಿ ಹೊಸ ಕೀಲು ಕೂರಿಸಿದರು. ಕೀಲೇನೋ ಹೊಸದು, ಅದನ್ನು ಆಡಿಸಬೇಕಾದ ತೊಡೆ ಮಾತ್ರ ಸೊರಗಿಹೋಗಿತ್ತು.

ಪಡಸಾಲೆಯ ಎತ್ತರದ ಕುರ್ಚಿಯಲ್ಲಿ ಕೂತು ಅವಳು ಅತ್ತಳು.

“ಅಜ್ಜಾರ, ನಿಂತು ರೊಟ್ಟಿ ತಟ್ಟಾಕ ಆಗಲಿಲ್ಲಂದ್ರ ಈ ಮಠದಾಗ ನನಗೇನ ಕೆಲಸೈತ್ರಿ? ಕಾಲಿಗೆ ಬಲ ಬರೂವಂಗ ಆಶೀರ್ವಾದ ಮಾಡ್ರಿ.”

“ಡಾಕ್ಟರು ಏನಂದ್ರವ್ವ?”

“ದಿನಾ ಕುರ್ಚಿಯಿಂದ ಎದ್ದು ಕೂತು ಮಾಡು ಅಂತಾರ್ರಿ. ಕೀಲು ಜಾರಿದ್ರ ಏನ ಮಾಡ್ಲಿ ಅಂತ ಹೆದರಿಕಿ. ನನ್ನ ಕಡಿಂದ ಆಗೂದಿಲ್ರಿ.”

“ಆತು” ಎಂದು ಅಜ್ಜಾರು ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಮರಳಿ ಬಂದರು. ಗುರುಗಳು ಬಂದಾಗ ಶಿಷ್ಯರು ಕೂತಿರುವುದುಂಟೆ? ನೀಲವ್ವ ಕುರ್ಚಿಯ ಎರಡೂ ತೋಳು ಹಿಡಿದು, ಹಲ್ಲು ಕಚ್ಚಿ ಎದ್ದಳು.

“ಕೂಡವ್ವ. ಕನ್ನಡಕ ಮರ್ತಿದ್ದೆ.”

ಕೂತಳು. ಅಜ್ಜಾರು ಹೋದರು, ಮತ್ತೆ ಬಂದರು. ಈ ಸಲ ಕೋಲು ಮರೆತಿದ್ದರು. ಮುಂದಿನ ಸಲ ಏನು ಮರೆತೆ ಎಂಬುದನ್ನೇ ಮರೆತಿದ್ದರು.

ಮರುದಿನವೂ ಅದೇ ಕತೆ. ದಿನಕ್ಕೆ ನಾಲ್ಕು ಸಲ ಇದ್ದದ್ದು ಹತ್ತಾಯಿತು, ಇಪ್ಪತ್ತಾಯಿತು.

“ಅಜ್ಜಾರಿಗೆ ಅರಳು ಮರಳು” ಎಂದು ನೀಲವ್ವ ಅಡಿಗೆಮನೆಯವರ ಮುಂದೆ ಗೊಣಗಿದಳು. “ಅವರಿಗೆ ನೆಪ್ಪ ಇರೂದಿಲ್ಲ, ಇಲ್ಲಿ ನನ್ನ ಜೀವ ಹೋಗತೈತಿ.”

ಗೊಣಗುತ್ತಲೇ ಎದ್ದಳು, ಗೊಣಗುತ್ತಲೇ ಕೂತಳು.

ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ನೀಲವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಅಜ್ಜಾರು ಒಳಗೆ ಬಂದರು. ಸೊಪ್ಪು ಹಿಡಿದೇ ಎದ್ದು ನಿಂತಳು. ನಿಂತ ಮೇಲೆ ತನ್ನ ಕೈ ನೋಡಿಕೊಂಡಳು.

“ಅಜ್ಜಾರ, ನಾ ಕುರ್ಚಿ ಹಿಡೀಲೇ ಇಲ್ರಿ.”

“ನೋಡಿದೆ.”

ಎಷ್ಟೋ ದಿನದ ಭಯ ಒಮ್ಮೆಲೇ ಇಳಿದುಹೋಯಿತು. ಅವಳಿಗೆ ಅಳುವೂ ನಗುವೂ ಕೂಡಿಯೇ ಬಂದವು. ಆಗಲೇ ಅವಳಿಗೆ ಹೊಳೆದದ್ದು.

“ಹಂಗಾದ್ರ ನಿಮಗ ಮರೆವು ಇರಲಿಲ್ಲೇನ್ರಿ?”

“ಎರಡು ಸಲ ಖರೇನ ಮರ್ತಿದ್ದೆ.”

“ನಾ ನಿಮಗ ಅರಳು ಮರಳು ಅಂದೆ. ತಪ್ಪಾತ್ರಿ.”

“ಅದೂ ಕೇಳಿಸ್ತು.”

ನೀಲವ್ವ ಕಣ್ಣೊರೆಸಿಕೊಂಡಳು. “ನಾಳಿಂದ ರೊಟ್ಟಿ ತಟ್ಟಾಕ ಹೋಗ್ಲೇನ್ರಿ?”

ಅಜ್ಜಾರು ಅವಳ ಕುರ್ಚಿಯಲ್ಲಿ ಮೆಲ್ಲಗೆ ಕೂತು ಮೊಣಕಾಲು ನೀವಿಕೊಂಡರು.

“ಹೋಗವ್ವ. ನನ್ನ ರೊಟ್ಟಿ ಮಾತ್ರ ಸಲಕ್ಕ ಒಂದೊಂದ ತಂದು ಕೊಡು. ನೀ ಬಂದಾಗೆಲ್ಲ ಇನ್ನ ನಾ ಎದ್ದು ನಿಲ್ತೀನಿ.”